ಪ್ರಯೋಗಾಲಯಕ್ಕೆ ಹೊರಟ ಮಾದರಿ ಮೇವು

ಹಾಲಿನ ಸಂಘದ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ಊರಿನ ಬಾಯಲ್ಲಿ ಆತ ಗೊತ್ತಪ್ಪ. ಎದುರಿನವರು ಒಂದು ಮಾತು ಶುರುಮಾಡಿ ಅರ್ಧಕ್ಕೆ ಬರುವಷ್ಟರಲ್ಲಿ “ಗೊತ್ತು, ಗೊತ್ತು” ಎಂದು ತಲೆಯಾಡಿಸಿ ಹೊರಟುಬಿಡುವುದು ಆತನ ಅಭ್ಯಾಸ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೀಗಾಗಿ ಮಾಡಬೇಕೋ ಮಾಡಬಾರದೋ ಎಂಬ ಮುಖ್ಯ ಸಂಗತಿಯೇ ಗೊತ್ತಪ್ಪನಿಗೆ ತಲುಪುತ್ತಿರಲಿಲ್ಲ. ಬಡಗಿ ಒಮ್ಮೆ, “ಆ ಗೇಟು ಈಗಷ್ಟೇ ಬಣ್ಣ ಹೊಡೆದದ್ದು, ಒರಗಿಕೊಂಡು ನಿಲ್ಲ—” ಎನ್ನುವಷ್ಟರಲ್ಲಿ ಆತ “ಗೊತ್ತು” ಎಂದು ಒರಗಿಕೊಂಡೇ ನಿಂತಿದ್ದ. ಹಸಿರು ಬಣ್ಣ ಹತ್ತಿದ ಆ ಅಂಗಿಯನ್ನು ಹೆಂಡತಿ ನೆಲ ಒರೆಸಲು ಇಟ್ಟುಕೊಂಡಿದ್ದಳು.

ಇಷ್ಟಾದರೂ ಗೊತ್ತಪ್ಪ ದಡ್ಡನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಬೆಳಿಗ್ಗೆ ಐದೂವರೆಗೆ ಸಂಘದ ಬಾಗಿಲು ತೆರೆದು, ನಲವತ್ತು ಮನೆಗಳ ಹಾಲು ತೂಗಿ, ಕ್ಯಾನುಗಳಿಗೆ ಸುರಿದು, ಟ್ಯಾಂಕರಿಗೆ ತುಂಬಿಸಿ, ಗೋದಾಮಿನಿಂದ ಹಿಂಡಿಯ ಚೀಲ ಕೊಟ್ಟು, ನಲ್ಲಿಯ ಕೆಳಗೆ ಕ್ಯಾನು ತೊಳೆಸಿ, ಎಂಟಕ್ಕೆಲ್ಲ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದ. ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಪಶುವೈದ್ಯೆ ಬೈಕಿನಲ್ಲಿ ಬಂದರು.

ಒಂದು ತಿಂಗಳಿಂದ ಊರಿನ ಹಸುಗಳಿಗೆ ಏನೋ ಆಗಿತ್ತು. ತಿಂದರೆ ಅರ್ಧ ತಿಂದು ಮುಖ ತಿರುಗಿಸುತ್ತಿದ್ದವು. ದಿನಕ್ಕೆ ಎಂಟು ಲೀಟರ್ ಕೊಡುತ್ತಿದ್ದವು ಐದಕ್ಕೆ ಇಳಿದಿದ್ದವು. ಡಾಕ್ಟರಮ್ಮ ಹತ್ತು ಹಸುಗಳ ಹೊಟ್ಟೆ ಬಡಿದು, ಕಣ್ಣು ಬಿಡಿಸಿ, ಸಗಣಿ ನೋಡಿ, ತಪ್ಪು ಹಸುವಿನದಲ್ಲ, ತಿನ್ನುವುದರದು ಎಂಬ ತೀರ್ಮಾನಕ್ಕೆ ಬಂದಿದ್ದರು. ಇನ್ನೊಂದು ಊರಲ್ಲಿ ಹಸು ಕರು ಹಾಕಲು ಕಷ್ಟಪಡುತ್ತಿತ್ತು, ಅಲ್ಲಿಗೆ ಹೊರಟಿದ್ದರು. ಬೈಕಿನಿಂದ ಇಳಿಯದೆಯೇ ಹೇಳಿದರು.

“ಪ್ರಯೋಗಾಲಯಕ್ಕೆ ಮೇವಿನ ಮಾದರಿ ಕಳಿಸಬೇಕು. ಸುಮ್ನೆ ಒಂದು ಹಿಡಿ ತುಂಬಿ ಕಳಿಸೋದಲ್ಲ. ಅದು ಇಡೀ ಊರನ್ನ ಪ್ರತಿನಿಧಿಸಬೇಕು. ಹತ್ತು ಮನೆ, ಆಮೇಲೆ ನಿಮ್ಮ ಗೋದಾಮು. ಪ್ರತಿ ಕಡೆನೂ ಮೇಲಿಂದ, ನಡುವಿಂದ, ಕೆಳ—”

“ಗೊತ್ತು, ಗೊತ್ತು,” ಎಂದ ಗೊತ್ತಪ್ಪ.

ಡಾಕ್ಟರಮ್ಮ ಒಂದು ಕ್ಷಣ ಅನುಮಾನದಿಂದ ನೋಡಿದರು. ಆದರೆ ಹೊಟ್ಟೆಯೊಳಗಿನ ಕರು ಕಾಯುವುದಿಲ್ಲ. ಬೈಕು ಹೊರಟಿತು. ಗೊತ್ತಪ್ಪನ ತಲೆಯಲ್ಲಿ ಮೂರು ಮಾತು ಉಳಿದವು: ಊರು, ಪ್ರತಿನಿಧಿ, ಮಾದರಿ. ಮಾದರಿ ಶಾಲೆ ಎಂದರೇನು ಎಂದು ಆತನಿಗೆ ಗೊತ್ತಿತ್ತು. ಮಾದರಿ ರೈತನಿಗೆ ಬಹುಮಾನ ಕೊಡುವುದನ್ನು ಪೇಪರಿನಲ್ಲಿ ನೋಡಿದ್ದ. ಮಾದರಿ ಮೇವೂ ಅದೇ ವಂಶದ್ದಾಗಿರಬೇಕು ಎಂಬುದರಲ್ಲಿ ಬುದ್ಧಿವಂತರಿಗೆ ಸಂಶಯ ಬರುವ ಜಾಗವೇ ಇರಲಿಲ್ಲ. ಆತ ಅಟ್ಟದಿಂದ ಸೀಮೆಸುಣ್ಣ ತೆಗೆದು, ಸಂಘದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ:

‘ನಮ್ಮ ಊರನ್ನು ಪ್ರತಿನಿಧಿಸಿ ಮಾದರಿ ಮೇವು ಪ್ರಯೋಗಾಲಯಕ್ಕೆ ಹೋಗಲಿದೆ. ಹತ್ತು ಮನೆಗಳಿಗೆ ಮಾತ್ರ ಅವಕಾಶ. ಊರಿನ ಮಾನ ನಿಮ್ಮ ಕೈಯಲ್ಲಿದೆ.’

ಮೊದಲ ವಾಕ್ಯವನ್ನು ಜನ ಕ್ಷಮಿಸಿಬಿಡುತ್ತಿದ್ದರು. ಮೂರನೆಯದನ್ನು ಓದುತ್ತಲೇ ಇರಲಿಲ್ಲ. ಬೆಂಕಿ ಹಚ್ಚಿದ್ದು ‘ಹತ್ತು ಮನೆಗಳಿಗೆ ಮಾತ್ರ’.

ಮರುದಿನ ಹಾಲಿನ ಸಾಲಿನಲ್ಲಿ ಯಾರಿಗೂ ಹಾಲಿನ ಮೇಲೆ ಗಮನವಿರಲಿಲ್ಲ. ತನ್ನ ಹುಲ್ಲಿನ ಬಣ್ಣ ನೋಡಿದವರು ಕಣ್ಣು ಮಿಟುಕಿಸುವುದಿಲ್ಲ ಎಂದು ಬಡಗಿ ಹೇಳಿಕೊಂಡ. ಸಂಘದ ಅಧ್ಯಕ್ಷರು, ತಾವು ಅಧ್ಯಕ್ಷರು ಎಂಬ ಕಾರಣಕ್ಕೆ ತಮ್ಮ ಮನೆಯನ್ನು ಸೇರಿಸಬೇಕಿಲ್ಲ, ಆದರೆ ಸೇರಿಸದಿದ್ದರೆ ಜನ ಏನಂದುಕೊಂಡಾರು ಎಂದು ಮೂರು ಸಲ ಕೇಳಿದರು. ದರ್ಜಿ ನೇರ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತ. ಸಂಜೆಯ ಹೊತ್ತಿಗೆ ಒಂದು ನೀಲಿ ಮಖಮಲ್ಲಿನ ಚೀಲ ಹೊಲಿದು, ಬಾಯಿಗೆ ಜರಿಯ ದಾರ ಕೂರಿಸಿ ತಂದ. ಊರಿನ ಮೇವು ಹೋಗುವಾಗ ಗೋಣಿಯಲ್ಲಿ ಹೋದರೆ ಊರಿಗೆ ಏನು ಮರ್ಯಾದೆ ಎಂಬುದು ಆತನ ವಾದ. ಚೀಲ ಕೊಟ್ಟವನ ಮೇವನ್ನು ಬಿಡುವುದು ಹೇಗೆ? ದರ್ಜಿಯ ಮನೆ ಪಟ್ಟಿಗೆ ಸೇರಿತು.

ಇನ್ನು ಗೊತ್ತಪ್ಪನ ಅತ್ತೆ. ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತರಾದ ಮೇಷ್ಟರಮ್ಮ. ಅಳಿಯನ ಮನೆಯ ಪಕ್ಕದಲ್ಲೇ ಒಂದು ಹಸು ಕಟ್ಟಿಕೊಂಡು ಇದ್ದರು. ಅಳಿಯನ ಬಗ್ಗೆ ಯಾರಾದರೂ ಕೇಳಿದರೆ “ನನ್ನ ಮಗಳ ಗಂಡ” ಎನ್ನುತ್ತಿದ್ದರೇ ಹೊರತು ಅದಕ್ಕಿಂತ ಹತ್ತಿರದ ಸಂಬಂಧವನ್ನು ಒಪ್ಪಿಕೊಂಡವರಲ್ಲ. ಆಕೆ ಹುಲ್ಲನ್ನು ಬೇರು ಕತ್ತರಿಸಿ, ತೊಳೆದು, ನೆರಳಲ್ಲಿ ಒಣಗಿಸಿ, ಒಂದೇ ಅಳತೆಗೆ ತುಂಡರಿಸಿ, ಪರೀಕ್ಷೆಯ ಪೆನ್ಸಿಲುಗಳ ಹಾಗೆ ಜೋಡಿಸಿಟ್ಟರು. ಹಸು ಬೇಲಿಯಾಚೆಯಿಂದ ಕುತ್ತಿಗೆ ಚಾಚಿ ನೋಡಿತು. ಹುಟ್ಟಿದಾರಭ್ಯ ಅದಕ್ಕೆ ಅಂಥದ್ದು ಸಿಕ್ಕಿರಲಿಲ್ಲ.

ಇಡೀ ಊರಲ್ಲಿ ಒಬ್ಬಳೇ ಒಬ್ಬಳು ಅಡ್ಡಮಾತು ಆಡಿದ್ದು, ಗೊತ್ತಪ್ಪನ ಹೆಂಡತಿ.

“ಹಸುಗೆ ಹುಷಾರಿಲ್ಲ ಅಂತ ತಾನೇ ಇದೆಲ್ಲ? ಅದು ತಿಂದದ್ದು ಬಿಟ್ಟು ತಿನ್ನದೇ ಇರೋದನ್ನ ಯಾಕೆ ಕಳಿಸ್ತೀರಿ?”

“ಗೊತ್ತು,” ಎಂದ ಗೊತ್ತಪ್ಪ, ಮಖಮಲ್ಲಿನ ಚೀಲಕ್ಕೆ ಇಸ್ತ್ರಿ ಹಾಕುತ್ತ.

ಸಂಗ್ರಹದ ದಿನ ಆತ ಒಗೆದ ಅಂಗಿ ಹಾಕಿ, ಹತ್ತು ಮನೆಗೂ ಹೋದ. ಪ್ರತಿ ಮನೆಯವರೂ ಬಾಗಿಲಲ್ಲೇ ತಟ್ಟೆ ಹಿಡಿದು ನಿಂತಿದ್ದರು; ಕೊಟ್ಟಿಗೆಯ ಒಳಗೆ ಹೋಗುವ ಕಷ್ಟವನ್ನೇ ಕೊಡಲಿಲ್ಲ. ಹಿಂಡಿಯನ್ನು ಜರಡಿ ಹಿಡಿದಿದ್ದರು. ಧೂಳಿಲ್ಲ, ಗಂಟಿಲ್ಲ, ಕಡ್ಡಿಯಿಲ್ಲ. ಕೊನೆಗೆ ಗೋದಾಮಿನಿಂದ, ಆ ದಿನವೇ ಬಂದ ಹೊಸ ಚೀಲ ಬಿಚ್ಚಿ, ಮೇಲಿನ ಒಂದು ಹಿಡಿ ಸೇರಿಸಿದ. ಚೀಲದ ಬಾಯಿಗೆ ಜರಿದಾರ ಬಿಗಿದು, ‘ನಮ್ಮ ಊರಿನ ಹೆಮ್ಮೆ’ ಎಂದು ಚೀಟಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ, ಪ್ರಯೋಗಾಲಯದ ಕಿಟಕಿಯಲ್ಲಿ ಕೊಟ್ಟು ಬಂದ. ಕಿಟಕಿಯೊಳಗಿನವರು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ್ದನ್ನು ಆತ ಮೆಚ್ಚುಗೆ ಎಂದೇ ತಿಳಿದ.

ಎಂಟು ದಿನಕ್ಕೆ ವರದಿ ಬಂತು. ಊರು ಹಿಗ್ಗಿ ಹೀರೇಕಾಯಿ ಆಯಿತು. ಬೂಷ್ಟು ಇಲ್ಲ, ತೇವ ಇಲ್ಲ, ಕಲಬೆರಕೆ ಇಲ್ಲ, ಸತ್ವ ಬೇಕಾದುದಕ್ಕಿಂತ ಹೆಚ್ಚು. ಕೆಳಗೆ ಒಂದು ಸಾಲು ಟಿಪ್ಪಣಿ: ಈ ಮೇವು ತಿನ್ನುವ ಹಸುಗಳು ದಿನಕ್ಕೆ ಹನ್ನೆರಡು ಲೀಟರಿಗೆ ಕಡಿಮೆ ಕೊಡಲು ಕಾರಣ ಕಾಣುವುದಿಲ್ಲ. ಗೊತ್ತಪ್ಪ ವರದಿಯನ್ನು ಹಲಗೆಗೆ ಅಂಟಿಸಿದ. ಅತ್ತೆ ಓದಿ, ಪಾಸಾದ ಮಗುವಿಗೆ ಆಡಿಸುವಷ್ಟು ತಲೆ ಆಡಿಸಿದರು. ಆ ದಿನವೂ ಹಸುಗಳು ಐದೇ ಲೀಟರ್ ಕೊಟ್ಟವು ಎಂಬುದು ಸಂಭ್ರಮದಲ್ಲಿ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಒಬ್ಬರಿಗೆ ಕಂಡಿತು. ವರದಿಯ ಇನ್ನೊಂದು ಪ್ರತಿ, ಊರಿನ ಹಾಲು ಕೊಳ್ಳುವ ಮುಖ್ಯ ಕಚೇರಿಗೂ ಹೋಗಿತ್ತು. ಬುಧವಾರ ಬೆಳಿಗ್ಗೆ ಮೇಲ್ವಿಚಾರಕರು ಜೀಪಿನಿಂದ ಇಳಿದರು. ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು. ಗೊತ್ತಪ್ಪ ಕುರ್ಚಿ ಒರೆಸಿ ಕೊಟ್ಟ, ಅಧ್ಯಕ್ಷರು ಶಾಲು ಸರಿಮಾಡಿಕೊಂಡು ಅಭಿನಂದನೆ ಸ್ವೀಕರಿಸಲು ನಿಂತರು.

“ಇಂಥ ಮೇವು ನನ್ನ ಸರ್ವಿಸಿನಲ್ಲೇ ನೋಡಿಲ್ಲ,” ಎಂದರು ಮೇಲ್ವಿಚಾರಕರು. ಅಧ್ಯಕ್ಷರು ನಾಚಿಕೊಂಡರು. “ಹನ್ನೆರಡು ಲೀಟರ್ ಕೊಡೋ ಹಸುಗಳು. ನಮಗೆ ಬರ್ತಿರೋದು ಐದು. ಮಿಕ್ಕ ಏಳು ಲೀಟರ್ ಎಲ್ಲಿ?”

ಅಧ್ಯಕ್ಷರು ಅದು ಹಸುಗಳನ್ನೇ ಕೇಳಬೇಕಾದ ಮಾತು ಎಂದರು. ಮೇಲ್ವಿಚಾರಕರು ಹಸುಗಳನ್ನು ಕೇಳಲಿಲ್ಲ. ಅಡುಗೆಮನೆಗಳನ್ನು ಕೇಳಲು ಹೊರಟರು. ಊರು ಮುಖ್ಯ ಕಚೇರಿಯ ಕಣ್ಣು ತಪ್ಪಿಸಿ ಬೆಣ್ಣೆ ತೆಗೆದು ಬೇರೆಲ್ಲೋ ಮಾರುತ್ತಿದೆ ಎಂಬುದು ಅವರ ಖಚಿತ ನಂಬಿಕೆ. ದರ್ಜಿಯ ಮನೆಯಲ್ಲಿ ಬಟ್ಟೆಯ ಗಂಟು ಬಿಚ್ಚಿಸಿದರು. ಬಡಗಿಯ ಮನೆಯಲ್ಲಿ ಹೊಸ ಬೀರುವಿನ ಹಿಂದೆ ಬಡಿದು ನೋಡಿದರು. ಅತ್ತೆಯ ಮನೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಸಿಕ್ಕಿತು. ಅದನ್ನು ಫೈಲಿನಲ್ಲಿ ‘ಬೆಣೆ’ ಎಂದು ದಾಖಲಿಸಿದರು. ಅತ್ತೆ ಫೈಲು ಇಸಿದುಕೊಂಡು, ಒತ್ತಕ್ಷರ ಹಾಕಿ, ಪಕ್ಕದಲ್ಲಿ ಸಹಿ ಮಾಡಿ ವಾಪಸು ಕೊಟ್ಟರು.

ಹೊರಡುವ ಮೊದಲು ಮೇಲ್ವಿಚಾರಕರು ತೀರ್ಪು ಹೇಳಿದರು. ಶನಿವಾರದೊಳಗೆ ಸರಿಯಾದ ವಿವರಣೆ ಬರಬೇಕು. ಬರದಿದ್ದರೆ ಸೋಮವಾರದಿಂದ ಟ್ಯಾಂಕರ್ ಈ ಊರಿಗೆ ತಿರುಗುವುದಿಲ್ಲ. ನಲವತ್ತು ಮನೆಯವರು ತಮ್ಮ ಹಾಲನ್ನು ತಾವೇ ಕುಡಿಯಬಹುದು.

ಜೀಪಿನ ಧೂಳು ಕೂರುವುದರೊಳಗೆ ಊರು ಒಂದು ಮಾತಿಗೆ ಬಂದಿತ್ತು: ಇದಕ್ಕೆಲ್ಲ ಗೊತ್ತಪ್ಪನೇ ಕಾರಣ. ಮೊನ್ನೆ ಪಟ್ಟಿಗೆ ಸೇರಿಸು ಎಂದು ಬೆನ್ನು ಹತ್ತಿದವರೇ ಇಂದು, ತಾವು ಬೇಡ ಬೇಡ ಅಂದರೂ ಆತ ಬಲವಂತ ಮಾಡಿ ಮೇವು ಕಿತ್ತುಕೊಂಡು ಹೋದ ಎಂದರು. ಮಖಮಲ್ಲಿನ ಚೀಲ ಯಾರ ಉಪಾಯ ಎಂದು ಅಧ್ಯಕ್ಷರು ಕೇಳಿದಾಗ ದರ್ಜಿ ಗೊತ್ತಪ್ಪನ ಕಡೆಗೆ ಬೆರಳು ತೋರಿಸಿದ.

ಆ ಹೊತ್ತಿಗೆ ಡಾಕ್ಟರಮ್ಮ ಬಂದರು. ವರದಿಯ ವಿಷಯ ಅವರಿಗೂ ಮುಟ್ಟಿತ್ತು. ಮೇವನ್ನು ಹೇಗೆ ಸಂಗ್ರಹಿಸಿದಿರಿ ಎಂದು ಕೇಳಿದರು. ಗೊತ್ತಪ್ಪ ತಟ್ಟೆ, ಜರಡಿ, ಹೊಸ ಚೀಲ, ಜರಿದಾರ, ಚೀಟಿ ಯಾವುದನ್ನೂ ಬಿಡದೆ ಹೇಳಿದ. ಕೇಳುತ್ತ ಕೇಳುತ್ತ ಡಾಕ್ಟರಮ್ಮ ಬೋರಲು ಹಾಕಿದ್ದ ಒಂದು ಕ್ಯಾನಿನ ಮೇಲೆ ಕೂತರು.

“ನಾನು ಕೇಳಿದ್ದು ಎಕ್ಸ್‌ರೇ,” ಎಂದರು ಕೊನೆಗೆ. “ನೀವು ಕಳಿಸಿದ್ದು ಮದುವೆ ಫೋಟೋ.”

ಆಮೇಲೆ ಅವರು ಮೊದಲಿಂದ ಹೇಳಿದರು. ಮಾದರಿ ಎಂದರೆ ಇಲ್ಲಿ ಆದರ್ಶವಲ್ಲ, ಇದ್ದದ್ದು ಇದ್ದ ಹಾಗೆ. ಚೀಲದ, ಡ್ರಮ್ಮಿನ ಮೇಲಿಂದ, ನಡುವಿಂದ, ತಳದಿಂದ ತೆಗೆಯಬೇಕು. ಎಲ್ಲವನ್ನೂ ಶುಭ್ರವಾದ ಬಟ್ಟೆಯ ಮೇಲೆ ಸುರಿದು, ಚೆನ್ನಾಗಿ ಬೆರೆಸಿ, ರಾಶಿ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಬೇಕು. ಎದುರುಬದುರಿನ ಎರಡು ಭಾಗ ಬಿಟ್ಟು, ಉಳಿದೆರಡನ್ನು ಮತ್ತೆ ಬೆರೆಸಿ, ಮತ್ತೆ ನಾಲ್ಕು ಮಾಡಿ, ಹೀಗೆ ಅರ್ಧ ಕಿಲೋ ಉಳಿಯುವ ತನಕ. ಗೊತ್ತಪ್ಪನ ಬಾಯಿ ಎರಡು ಮೂರು ಸಲ ತೆರೆಯಿತು. ಪ್ರತಿ ಸಲವೂ ಹಿಂದೆ ನಿಂತಿದ್ದ ಹೆಂಡತಿ ಆತನ ಅಂಗಿಯ ಚುಂಗು ಜಗ್ಗಿದಳು. ಹೀಗಾಗಿ ಆ ದಿನ ಎಲ್ಲ ವಾಕ್ಯಗಳೂ ಕ್ರಿಯಾಪದದ ಸಮೇತ ಆತನಿಗೆ ತಲುಪಿದವು. ಡಾಕ್ಟರಮ್ಮ ಒಂದು ಉದ್ದದ ಉಕ್ಕಿನ ಕೊಳವೆ ಕೊಟ್ಟರು. ತುದಿ ಚೂಪು, ಮೈಯಲ್ಲಿ ಸೀಳು. ಚೀಲಕ್ಕೆ ಚುಚ್ಚಿ ತಿರುಗಿಸಿ ಎಳೆದರೆ ಒಳಗಿನದೆಲ್ಲ ಅದರೊಳಗೆ ತುಂಬಿಕೊಂಡು ಬರುತ್ತದೆ. ಗುರುವಾರ ಮಧ್ಯಾಹ್ನದೊಳಗೆ ತಲುಪಿದರೆ ಶನಿವಾರ ಫಲಿತಾಂಶ ಎಂದು ಪ್ರಯೋಗಾಲಯಕ್ಕೆ ಫೋನಿನಲ್ಲೇ ಮಾತಾಡಿ ಒಪ್ಪಿಸಿದರು.

ಗುರುವಾರ ಬೆಳಿಗ್ಗೆ ಹಾಲು ತುಂಬಿಸಿದ ಕೂಡಲೇ ಗೊತ್ತಪ್ಪ ಕೊಳವೆ ಹೆಗಲಿಗೇರಿಸಿ ಹೊರಟ. ಸೋಲು ಕಂಡವನ ನಡಿಗೆ ಅದಾಗಿರಲಿಲ್ಲ. ಸರಿಯಾದ ವಿಷಯ ಪೂರ್ತಿ ಕೇಳಿಸಿಕೊಂಡ ಮನುಷ್ಯನ ಹೆಜ್ಜೆಗೆ ಒಂದು ತೂಕ ಬರುತ್ತದೆ. ಆತನಿಗೆ ಅದು ಮೊದಲ ಅನುಭವ.

ಆದರೆ ಮೊನ್ನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಊರು ಇಂದು ಬಾಗಿಲು ಹಾಕಿಕೊಂಡಿತ್ತು. ದರ್ಜಿ ಅರ್ಧ ಬಾಗಿಲು ತೆರೆದು, ತನ್ನ ಹಿಂಡಿಯ ಡ್ರಮ್ಮಿನ ಮೇಲು ಕೆಳಗು ಎಲ್ಲ ಒಂದೇ, ಚುಚ್ಚುವ ಅಗತ್ಯವಿಲ್ಲ, ಚುಚ್ಚಲೇಬೇಕಾದ ಡ್ರಮ್ಮು ಬೇರೆ ಇದೆ ಎಂದ. ಎಲ್ಲಿ ಎಂದರೆ ಬಡಗಿಯ ಮನೆ ತೋರಿಸಿದ. ತೋರಿಸಿದ್ದಷ್ಟೇ ಅಲ್ಲ, ಮುಂದೆ ನಡೆದು, ಹಿತ್ತಲಿನಿಂದ ಹೋಗುವ ದಾರಿಯನ್ನೂ ಹೇಳಿಕೊಟ್ಟ. ಬಡಗಿಯ ಹಿಂಡಿಯೊಳಗಿಂದ ಮರದ ಹೊಟ್ಟು ಬಂತು. ಬಡಗಿ ಸುಮ್ಮನಿರುತ್ತಾನೆಯೇ? ಎಲ್ಲರನ್ನೂ ಕರೆದುಕೊಂಡು ನೇರ ದರ್ಜಿಯ ಕೊಟ್ಟಿಗೆಗೆ ಬಂದ. ಅಲ್ಲಿ ಕೊಳವೆ ಚುಚ್ಚಿ ತೆಗೆದರೆ ಎರಡು ಮೊಳ ದಾರ, ಒಂದು ಪ್ಯಾಂಟಿನ ಗುಂಡಿ. ಅವಮಾನವಾದ ಇಬ್ಬರೂ ಸೇರಿ ಅಧ್ಯಕ್ಷರ ಮನೆಗೆ ದಾರಿ ಮಾಡಿದರು. ಅಧ್ಯಕ್ಷರ ಹುಲ್ಲಿನ ಬಣವೆ ಹೊರಗೆ ಬಂಗಾರ, ಒಳಗೆ ಕಾಡಿಗೆ. ಪಕ್ಕದಲ್ಲಿದ್ದ ಹಿಂಡಿಯ ಡ್ರಮ್ಮಿಗೂ ಕೊಳವೆ ಇಳಿಯಿತು. ಅಧ್ಯಕ್ಷರು ಟೊಪ್ಪಿಗೆ ಹಾಕಿಕೊಂಡು, ನ್ಯಾಯ ಎಲ್ಲರಿಗೂ ಒಂದೇ ಆಗಬೇಕು, ಮೇಷ್ಟರಮ್ಮನ ಮನೆ ಬಿಟ್ಟರೆ ಅಳಿಯ ಅತ್ತೆಯನ್ನು ಕಾಪಾಡಿದ ಎಂದಾಗುತ್ತದೆ ಎಂದು ಮುಂದಾಳತ್ವ ವಹಿಸಿಕೊಂಡರು. ಪಟ್ಟಿಯ ಉಳಿದ ಆರು ಮನೆಗಳನ್ನು ದಾರಿಯಲ್ಲೇ ಚುಚ್ಚಿ ಮುಗಿಸುವಷ್ಟರಲ್ಲಿ, ಒಬ್ಬನೇ ಹೊರಟಿದ್ದ ಗೊತ್ತಪ್ಪನ ಹಿಂದೆ ಮೆರವಣಿಗೆಯೇ ಇತ್ತು.

ಅತ್ತೆ ಕೈ ಕಟ್ಟಿ ನಿಂತಿದ್ದರು. ತಮ್ಮ ಡ್ರಮ್ಮು ಕನ್ನಡಿಯಂತಿದೆ, ಬೇಕಾದರೆ ಮುಖ ನೋಡಿಕೊಳ್ಳಬಹುದು ಎಂದರು. ಗೊತ್ತಪ್ಪ ಕೊಳವೆ ಇಳಿಸಿ, ತಿರುಗಿಸಿ, ಎಳೆದ. ಹಿಂಡಿಯ ಜೊತೆ ಒಂದು ಕಾಗದದ ಚೂರು ಬಂತು. ಡ್ರಮ್ಮಿನ ತಳಕ್ಕೆ ಹಾಸಿದ್ದು ಹಳೆಯ ಉತ್ತರಪತ್ರಿಕೆ. ಕೆಂಪು ಶಾಯಿಯಲ್ಲಿ ‘ಹತ್ತಕ್ಕೆ ಎರಡು’ ಎಂದು ಇನ್ನೂ ಓದಬಹುದಿತ್ತು. ಮಿಕ್ಕ ಅಂಕಗಳು ಹಸುವಿನ ಹೊಟ್ಟೆಗೆ ಹೋಗಿರಬೇಕು. ಬಡಗಿ ನಗಲು ಬಾಯಿ ತೆರೆದವನು ಅತ್ತೆಯ ಕಣ್ಣು ನೋಡಿ ಮುಚ್ಚಿದ. ಆತ ಅವರ ಹಳೆಯ ವಿದ್ಯಾರ್ಥಿ.

ಆದರೆ ಗೊತ್ತಪ್ಪ ಕಾಗದ ನೋಡುತ್ತಿರಲಿಲ್ಲ. ಕೊಳವೆಯ ತುದಿಯಲ್ಲಿ ಅಂಟಿದ್ದ ಹಸಿರುಗಪ್ಪು ಗಂಟನ್ನು ಮೂಸುತ್ತಿದ್ದ. ಬಡಗಿಯ ಡ್ರಮ್ಮಿನ ತಳದಲ್ಲೂ ಇದೇ ಇತ್ತು, ಇದೇ ಮುಗ್ಗಲು ವಾಸನೆ. ದರ್ಜಿಯದರಲ್ಲೂ, ಅಧ್ಯಕ್ಷರದರಲ್ಲೂ. ಆತ ಅದನ್ನು ಅತ್ತೆಗೆ ತೋರಿಸಿದ. ಅತ್ತೆಯ ಮುಖ ಸಣ್ಣದಾಯಿತು. ಒಂದೂವರೆ ತಿಂಗಳಿಂದ ಹೀಗೆ ಗಂಟು ಸಿಗುತ್ತಿದೆ, ತಾನೇ ಮುಚ್ಚಳ ಸರಿಯಾಗಿ ಹಾಕಿರಲಿಕ್ಕಿಲ್ಲ, ಮೇಷ್ಟರಮ್ಮನ ಮನೆಯಲ್ಲಿ ಬೂಷ್ಟು ಎಂದು ನಾಲ್ಕು ಜನ ಆಡಿಕೊಳ್ಳುವುದು ಬೇಡ ಎಂದು ಹೇಳಲಿಲ್ಲ ಎಂದರು. ಅದನ್ನು ಕೇಳಿ ದರ್ಜಿ, ತಾನೂ ತನ್ನದೊಂದೇ ಹೀಗೆ ಎಂದುಕೊಂಡಿದ್ದಾಗಿ ಹೇಳಿದ. ಬಡಗಿಯೂ ಅದನ್ನೇ ಅಂದ. ಅಧ್ಯಕ್ಷರು ಕೆಮ್ಮಿ, ತಮ್ಮ ಹೆಂಡತಿ ಹಾಗೆ ಅಂದುಕೊಂಡಿದ್ದಳು ಎಂದರು. ನಲವತ್ತು ಮನೆ ನಲವತ್ತು ಮುಚ್ಚಳದಡಿಯಲ್ಲಿ ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದವು.

ಅತ್ತೆ ಕನ್ನಡಕ ಸರಿಮಾಡಿಕೊಂಡರು.

“ಹತ್ತು ಮಕ್ಕಳು ಹತ್ತು ತಪ್ಪು ಬರೆದ್ರೆ ತಪ್ಪು ಮಕ್ಕಳದು. ಹತ್ತೂ ಜನ ಒಂದೇ ತಪ್ಪು ಬರೆದ್ರೆ, ತಪ್ಪು ಪಾಠ ಹೇಳಿಕೊಟ್ಟವನದು. ಈ ಹಿಂಡಿ ಎಲ್ಲರಿಗೂ ಎಲ್ಲಿಂದ ಬರುತ್ತೆ?”

ಎಲ್ಲರೂ ಗೊತ್ತಪ್ಪನ ಕಡೆ ತಿರುಗಿದರು. ಆತನ ಸೊಂಟದಲ್ಲಿ ಗೋದಾಮಿನ ಬೀಗದ ಕೈ ನೇತಾಡುತ್ತಿತ್ತು.

ಮೆರವಣಿಗೆ ಸಂಘಕ್ಕೆ ವಾಪಸು ಬಂತು. ಈ ಸಲ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಗೋದಾಮಿನ ಬಾಗಿಲಲ್ಲಿ ಅಧ್ಯಕ್ಷರು ಗೊತ್ತಪ್ಪನನ್ನು ಪಕ್ಕಕ್ಕೆ ಕರೆದು, ಮನೆಗಳ ಮಾತು ಬೇರೆ, ಸಂಘದ ಆಸ್ತಿಯ ಮಾತು ಬೇರೆ, ಇದಕ್ಕೆ ಸಭೆ ಕರೆದು ಠರಾವು ಮಾಡಬೇಕಾಗುತ್ತದೆ, ಸಭೆ ಮುಂದಿನ ತಿಂಗಳು ಎಂದು ಮೆಲ್ಲಗೆ ತಿಳಿಸಿದರು. ಗೊತ್ತಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬೀಗ ತೆಗೆದ.

ಒಳಗೆ ಚೀಲಗಳನ್ನು ಗೋಡೆಗೆ ತಾಗಿಸಿ ಐದು ಸಾಲು ಒಟ್ಟಿತ್ತು. ಮೇಲಿನ ಚೀಲಗಳು ಅಂಗಡಿಯಿಂದ ಈಗ ಬಂದಂತಿದ್ದವು. ಆತ ಮೊದಲು ಅವಕ್ಕೆ ಚುಚ್ಚಿದ. ಬಂದದ್ದು ಚೊಕ್ಕಟ ಹಿಂಡಿ. ನಡುವಿನ ಸಾಲು, ಅದೂ ಪರವಾಗಿಲ್ಲ. ಅಷ್ಟು ಸಾಕು ಎಂದರು ಅಧ್ಯಕ್ಷರು. ಸಾಕೇನೋ ಎಂದ ದರ್ಜಿ ಕೂಡ. ಟ್ಯಾಂಕರ್ ನಿಂತರೆ ಕಷ್ಟ, ಸಂಘವೇ ಮುಚ್ಚಿದರೆ ಇನ್ನೂ ಕಷ್ಟ. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಂಗಿ ಜಗ್ಗಲಿಲ್ಲ.

ಗೊತ್ತಪ್ಪ ನೆಲಕ್ಕೆ ಮಂಡಿಯೂರಿ, ಕೆಳಗಿನ ಸಾಲಿನ ಚೀಲಕ್ಕೆ ಕೊಳವೆ ಒತ್ತಿದ. ಅದು ಹಿಂಡಿಗೆ ಹೋದಂತೆ ಹೋಗಲಿಲ್ಲ, ಸೋಪಿಗೆ ಹೋದಂತೆ ಹೋಯಿತು. ಹೊರಗೆಳೆದರೆ ಕೊಳವೆಯ ತುಂಬ ಹಸಿರುಗಪ್ಪು. ಗೋಡೆ ಮುಟ್ಟಿ ನೋಡಿದ. ಒದ್ದೆ. ಗೋಡೆಯ ಆಚೆ ಕ್ಯಾನು ತೊಳೆಯುವ ನಲ್ಲಿ. ಎರಡು ತಿಂಗಳ ಹಿಂದೆ, ಜಾಗ ಉಳಿಯುತ್ತದೆ ಎಂದು ಚೀಲಗಳನ್ನು ಬರಿನೆಲದ ಮೇಲೆ, ಗೋಡೆಗೆ ಒತ್ತಿ ಒಟ್ಟಿಸಿದವನು ಆತನೇ. ಚೀಲ ಖಾಲಿಯಾದಂತೆ ಮೇಲಿನಿಂದ ಹೊಸದು ಸೇರುತ್ತಿತ್ತು, ಜನಕ್ಕೆ ಕೊಡುವಾಗ ಎರಡು ಮೇಲಿನದರ ಜೊತೆ ಒಂದು ಕೆಳಗಿನದು ಹೋಗುತ್ತಿತ್ತು.

“ಅಳಿಯಂದ್ರೇ, ಅದನ್ನ ಸೇರಿಸ್ತೀರಾ?” ಎಂದು ಅಧ್ಯಕ್ಷರು ಕೇಳಿದರು. ಊರಿನ ಅಳಿಯ ಎಂದು ಅವರಿಗೆ ನೆನಪಾದದ್ದು ಆಗಲೇ.

“ಹಸು ತಿಂದಿದೆಯಲ್ಲ, ಸೇರಬೇಕು,” ಎಂದ ಗೊತ್ತಪ್ಪ. ಎದ್ದು ಮಂಡಿ ಕೊಡವಿಕೊಂಡ.

ಸಂಘದ ಜಗಲಿಯ ಮೇಲೆ ಹೆಂಡತಿ ಒಗೆದ ಬೆಡ್‌ಶೀಟು ಹಾಸಿದಳು. ಎಲ್ಲ ಕಡೆಯ ಹಿಂಡಿ ಅದರ ಮೇಲೆ ಬಿತ್ತು. ಗೊತ್ತಪ್ಪ ತೋಳು ಮಡಚಿ, ಮೂಲೆಗಳನ್ನು ಎತ್ತಿ ಎತ್ತಿ ಹೊರಳಿಸಿ ಬೆರೆಸಿ, ರಾಶಿ ಮಾಡಿ, ಹಲಗೆಯಿಂದ ತಟ್ಟಿ, ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದು ನಾಲ್ಕು ಭಾಗ ಮಾಡಿದ. ಎದುರುಬದುರಿನ ಎರಡನ್ನು ಪಕ್ಕಕ್ಕೆ ಸರಿಸಿದ ಕೂಡಲೇ ಗದ್ದಲ ಎದ್ದಿತು. ಬಡಗಿ, ತನ್ನ ಹಿಂಡಿ ಆ ಎಸೆದ ಭಾಗದಲ್ಲೇ ಹೋಯಿತು, ತನಗೆ ಅನ್ಯಾಯವಾಯಿತು ಎಂದ. ಅಧ್ಯಕ್ಷರು, ತಮ್ಮದು ಎಸೆದ ಭಾಗದಲ್ಲಿ ಹೋಗಿದ್ದರೆ ಒಳ್ಳೆಯದಾಯಿತು, ಮತ್ತೆ ತೆಗೆಯುವುದು ಬೇಡ ಎಂದರು. ಎಸೆಯುವುದೇ ಆದರೆ ಅಷ್ಟು ಕಷ್ಟಪಟ್ಟು ತಂದದ್ದು ಯಾಕೆ ಎಂಬುದು ದರ್ಜಿಯ ತಕರಾರು. ಗೊತ್ತಪ್ಪ ಮೂರು ಸಲ ವಿವರಿಸಿದ. ಮೂರು ಸಲವೂ ಮಾತು ಮುಗಿಯುವ ಮೊದಲೇ ಅವರು “ಅದೆಲ್ಲ ಗೊತ್ತು ಬಿಡಿ” ಎಂದರು. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಈ ವಾದದಲ್ಲಿ ದರ್ಜಿಯ ಮೇಕೆಯನ್ನು ಯಾರೂ ಗಮನಿಸಲಿಲ್ಲ. ಅದು ಎಲ್ಲರ ಕಾಲುಗಳ ಸಂದಿಯಿಂದ ಬಂದು, ಪ್ರಯೋಗಾಲಯಕ್ಕೆ ಹೋಗಬೇಕಾದ ಎರಡು ಭಾಗಗಳಲ್ಲಿ ಒಂದಕ್ಕೆ ಬಾಯಿ ಹಾಕಿತು. ಬಡಗಿ ಬಾಲ ಹಿಡಿದು ಎಳೆಯುವಷ್ಟರಲ್ಲಿ ಅರ್ಧ ಮಾಯವಾಗಿತ್ತು. ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಮತ್ತೆ ಹನ್ನೊಂದು ಕಡೆ ಚುಚ್ಚಿ ತರುವ ಹೊತ್ತಿಲ್ಲ. ಮೇಕೆಯ ಹೊಟ್ಟೆಯನ್ನೇ ಪ್ರಯೋಗಾಲಯಕ್ಕೆ ಕಳಿಸುವುದೊಂದೇ ದಾರಿ ಎಂದು ಅಧ್ಯಕ್ಷರು ಗಂಭೀರವಾಗಿ ಸೂಚಿಸಿದರು. ದರ್ಜಿ ಮೇಕೆಯನ್ನು ಎದೆಗೆ ಅವಚಿಕೊಂಡ.

ಗೊತ್ತಪ್ಪ ಮಾತ್ರ ಗಾಬರಿಯಾಗಲಿಲ್ಲ. ಪಕ್ಕಕ್ಕೆ ಸರಿಸಿದ್ದ ಎರಡು ಭಾಗಗಳನ್ನು ನೋಡಿದ. ಮೇಕೆ ಕೆಡಿಸಿದ್ದನ್ನು ನೋಡಿದ. ಆಮೇಲೆ ಮೇಕೆ ಬಾಯಿ ಹಾಕಿದ ಜೋಡಿಯನ್ನು ಎತ್ತಿ ಬದಿಗಿಟ್ಟು, ಬಿಟ್ಟಿದ್ದ ಜೋಡಿಯನ್ನು ಬೆಡ್‌ಶೀಟಿನ ನಡುವೆ ಎಳೆದುಕೊಂಡ.

“ಎಸೆದದ್ದನ್ನ ಕಳಿಸ್ತೀಯಾ?” ಎಂದು ಬಡಗಿ ಕೇಳಿದ.

“ಚೆನ್ನಾಗಿ ಬೆರೆಸಿದ ಮೇಲೆ ಎಸೆದದ್ದೂ ಇಟ್ಟದ್ದೂ ಒಂದೇ. ಒಂದೇ ಅಲ್ಲದಿದ್ರೆ ನಾನು ಸರಿಯಾಗಿ ಬೆರೆಸಿಲ್ಲ ಅಂತ. ಇದರಲ್ಲಿ ನಿನ್ನದೂ ಇದೆ, ನನ್ನದೂ ಇದೆ. ಬೇರೆ ಮಾಡಿ ತೋರಿಸು ನೋಡೋಣ.”

ಬಡಗಿ ಬಗ್ಗಿ ನೋಡಿದ. ಮರದ ಹೊಟ್ಟು, ದಾರದ ತುಣುಕು, ಹಸಿರು ಗಂಟು ಎಲ್ಲ ಎಲ್ಲೆಡೆ ಸಮನಾಗಿ ಹರಡಿದ್ದವು. ಆತ ನೆಟ್ಟಗೆ ನಿಂತು ಹಿಂದೆ ಸರಿದ. ಅದಾದ ಮೇಲೆ ಯಾರೂ ಬಾಯಿ ಹಾಕಲಿಲ್ಲ, ಮೇಕೆ ಕೂಡ. ಗೊತ್ತಪ್ಪ ಮತ್ತೆ ಬೆರೆಸಿ, ಮತ್ತೆ ನಾಲ್ಕು ಮಾಡಿ, ಅರ್ಧ ಕಿಲೋ ತೂಗಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದ. ಕೆಳಗಿನ ಸಾಲಿನಿಂದ ತೆಗೆದದ್ದರಲ್ಲಿ ಮೊದಲೇ ಸ್ವಲ್ಪ ಎತ್ತಿಟ್ಟಿದ್ದ. ಅದನ್ನು ಇನ್ನೊಂದು ಪುಟ್ಟ ಚೀಲಕ್ಕೆ ತುಂಬಿ ಚೀಟಿ ಬರೆದ: ‘ಗೋದಾಮು, ಕೆಳಗಿನ ಸಾಲು, ಒದ್ದೆ ಗೋಡೆ. ಒಟ್ಟಿಸಿದವರು: ಗುಮಾಸ್ತ.’ ಸಂಬಳದ ಪಟ್ಟಿಯಲ್ಲಿದ್ದ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಊರಿನವರಲ್ಲಿ ಅರ್ಧ ಜನ ಆ ಹೆಸರನ್ನು ಅಂದೇ ಮೊದಲು ಓದಿದ್ದು.

ಶನಿವಾರ ಫಲಿತಾಂಶ ಬಂತು. ಬೂಷ್ಟು, ಬೂಷ್ಟಿನಿಂದ ಹುಟ್ಟುವ ವಿಷ, ಅದನ್ನು ತಿಂದರೆ ಹಸು ಹಾಲು ಇಳಿಸುವುದು ಖಂಡಿತ ಎಂಬ ಟಿಪ್ಪಣಿ. ಡಾಕ್ಟರಮ್ಮ ಸಂಘದ ಫೋನಿನಿಂದಲೇ ಮುಖ್ಯ ಕಚೇರಿಗೆ ಓದಿ ಹೇಳಿದರು. ಕಾಣೆಯಾದ ಏಳು ಲೀಟರ್ ಎಂದೂ ಹುಟ್ಟಿಯೇ ಇರಲಿಲ್ಲ ಎಂದು ಮೇಲ್ವಿಚಾರಕರಿಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು. ಸೋಮವಾರ ಟ್ಯಾಂಕರ್ ಎಂದಿನ ಹೊತ್ತಿಗೇ ತಿರುಗಿತು. ಕೆಟ್ಟ ಚೀಲಗಳನ್ನು ಊರಾಚೆ ಗುಂಡಿ ತೋಡಿ ಹೂತರು. ಬಡಗಿ ಚೀಲದಡಿಗೆ ಹಲಗೆಯ ಅಟ್ಟಣೆ ಮಾಡಿಕೊಟ್ಟ. ಗೋಡೆಗೂ ಚೀಲಕ್ಕೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಬಿಟ್ಟರು. ಅಷ್ಟು ಜಾಗ ಬೇಕೇ ಎಂದವರಿಗೆ ಗೊತ್ತಪ್ಪ ತಾನೇ ನಡೆದು ತೋರಿಸಿದ.

ಮೂರನೆಯ ವಾರ ಮುಖ್ಯ ಕಚೇರಿಯಿಂದ ಒಂದು ಲಕೋಟೆ ಬಂತು, ಒಳಗೆ ಎರಡು ಪತ್ರ. ಒಂದು ವಿಭಾಗದವರು, ಮೇವಿನ ದೋಷವನ್ನು ಸರಿಯಾದ ಕ್ರಮದಲ್ಲಿ ಪತ್ತೆಹಚ್ಚಿದ ಗುಮಾಸ್ತನನ್ನು ಮನಸಾರೆ ಪ್ರಶಂಸಿಸಿದ್ದರು. ಇನ್ನೊಂದು ವಿಭಾಗದವರು, ಮೇವನ್ನು ಒದ್ದೆ ಗೋಡೆಗೆ ಒಟ್ಟಿ ಕೆಡಿಸಿದ ಗುಮಾಸ್ತನಿಗೆ ಕಟುವಾದ ಎಚ್ಚರಿಕೆ ಕೊಟ್ಟಿದ್ದರು. ಇಬ್ಬರೂ ಒಬ್ಬನೇ ಎಂಬುದು ಎರಡೂ ವಿಭಾಗಗಳಿಗೆ ತಿಳಿದಂತಿರಲಿಲ್ಲ. ಅಧ್ಯಕ್ಷರು ಮೊದಲನೆಯದನ್ನು ಹಲಗೆಗೆ ಹಚ್ಚಿ, ಎರಡನೆಯದನ್ನು ಕಪಾಟಿನಲ್ಲಿ ಭದ್ರವಾಗಿಡಲು ಸಲಹೆ ಕೊಟ್ಟರು. ಗೊತ್ತಪ್ಪ ಎರಡನ್ನೂ ಅಕ್ಕಪಕ್ಕ ಅಂಟಿಸಿದ, ಸುಕ್ಕು ಬಾರದಂತೆ ಅಂಗೈಯಿಂದ ಒತ್ತಿ.

ಮರುದಿನ ಬೆಳಿಗ್ಗೆ ಹಾಲಿನ ಸಾಲು ಅಲ್ಲೇ ನಿಂತಿತು. ಮುಂದೆ ಅತ್ತೆ ಇದ್ದರು. ಎರಡನ್ನೂ ಮೊದಲಿಂದ ಕೊನೆಯ ತನಕ, ಮುದ್ರೆಯ ಸಮೇತ ಓದಿದರು. ಹಿಂದಿನಿಂದ ಬಡಗಿ ಇಣುಕಿ, ಒಂದು ಹೊಗಳುತ್ತದೆ, ಒಂದು ಬೈಯುತ್ತದೆ, ಇದರಲ್ಲಿ ಯಾರು ಯಾರು ಎಂದು ಕೇಳಿದ.

“ಎರಡೂ ನಮ್ಮ ಅಳಿಯನೇ,” ಎಂದರು ಅತ್ತೆ, ಸಾಲಿನ ಕೊನೆಯವರಿಗೂ ಕೇಳುವಂತೆ.

ಗೊತ್ತಪ್ಪ ಕೇಳಿಸದವನಂತೆ ಅವರ ಹಾಲಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟ. ಮುಳ್ಳು ನಿಲ್ಲುವ ತನಕ ಕಾದ. ಆಮೇಲೆ, ಬೀದಿಯಾಚೆ ಹಲ್ಲುಜ್ಜುತ್ತ ನಿಂತಿದ್ದ ಅಧ್ಯಕ್ಷರು ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಎಂಟೂ ಕಾಲು ಲೀಟರ್,” ಎಂದು ಕೂಗಿ ಬರೆದುಕೊಂಡ.